ಮುಟ್ಟದೆ ಬಿಟ್ಟ ಸೆಕೆಂಡ್ ಬೇಸ್: ಶಿಕಾಗೊ ಕಬ್ಸ್‌ನ 1908ರ ಸೀಸನ್

ಅಮೆರಿಕದ ಬೇಸ್‌ಬಾಲ್‌ನ ನ್ಯಾಷನಲ್ ಲೀಗ್‌ನಲ್ಲಿ 1908ರ ಸೀಸನ್ ಮುಗಿದಾಗ ಅಂಕಪಟ್ಟಿ ಹೀಗಿತ್ತು: ಶಿಕಾಗೊ ಕಬ್ಸ್ 99 ಗೆಲುವು, 55 ಸೋಲು. ನ್ಯೂಯಾರ್ಕ್ ಜೈಂಟ್ಸ್ ಮತ್ತು ಪಿಟ್ಸ್‌ಬರ್ಗ್ ಪೈರೇಟ್ಸ್ ಎರಡಕ್ಕೂ 98 ಗೆಲುವು, 56 ಸೋಲು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆಡಿ, ಮೂರು ತಂಡಗಳ ನಡುವೆ ಉಳಿದದ್ದು ಒಂದೇ ಪಂದ್ಯದ ಅಂತರ. ಆ ಒಂದು ಪಂದ್ಯ ಕಬ್ಸ್ ಕೈಗೆ ಬಂದದ್ದಕ್ಕೆ ನಿಯಮದ ಪುಸ್ತಕವನ್ನು ಸಾಲುಸಾಲಾಗಿ ಓದಿಕೊಂಡಿದ್ದ ಒಬ್ಬ ಆಟಗಾರ ಕಾರಣ: ಸೆಕೆಂಡ್ ಬೇಸ್ ಕಾಯುತ್ತಿದ್ದ ಜಾನಿ ಎವರ್ಸ್.

ಮೊದಲು ನಿಯಮ ನೋಡೋಣ, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಕ್ರಿಕೆಟ್‌ನಲ್ಲಿ ಚೆಂಡು ಹೊಡೆದ ಮೇಲೆ ಓಡುವುದು, ಬಿಡುವುದು ಬ್ಯಾಟ್ಸ್‌ಮನ್ ಇಷ್ಟ. ಬೇಸ್‌ಬಾಲ್‌ನಲ್ಲಿ ಚೆಂಡು ಗೆರೆಯೊಳಗೆ ನೆಲಕ್ಕೆ ಬಿದ್ದರೆ ಬ್ಯಾಟರ್ ಫಸ್ಟ್ ಬೇಸ್‌ಗೆ ಓಡಲೇಬೇಕು. ಒಂದು ಬೇಸ್‌ನಲ್ಲಿ ಇಬ್ಬರಿಗೆ ಜಾಗವಿಲ್ಲ, ಹಾಗಾಗಿ ಮೊದಲೇ ಅಲ್ಲಿದ್ದವನು 90 ಅಡಿ ಆಚೆಯ ಸೆಕೆಂಡ್ ಬೇಸ್‌ಗೆ ಹೋಗಲೇಬೇಕು. ಅವನನ್ನು ಔಟ್ ಮಾಡಲು ಮೈಗೆ ಚೆಂಡು ತಾಗಿಸಬೇಕಾಗಿಲ್ಲ. ಚೆಂಡು ಹಿಡಿದು, ಅವನು ಬರುವ ಮೊದಲೇ ಬೇಸ್ ಮುಟ್ಟಿದರೆ ಸಾಕು. ಇದೇ ಫೋರ್ಸ್ ಔಟ್. ಮೂವರು ಔಟಾದರೆ ತಂಡದ ಬ್ಯಾಟಿಂಗ್ ಸರದಿ ಮುಗಿಯುತ್ತದೆ. ಫೋರ್ಸ್ ಔಟ್ ಆ ಮೂರನೆಯ ಔಟ್ ಆದರೆ, ಅಷ್ಟರಲ್ಲಿ ಬೇರೊಬ್ಬ ಬೇಸ್‌ಗಳನ್ನೆಲ್ಲ ಸುತ್ತಿ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಮುಟ್ಟಿದ್ದರೂ ಆ ರನ್ ಲೆಕ್ಕಕ್ಕಿಲ್ಲ. ಯಾರು ಮೊದಲು ತಲುಪಿದರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕ್ರಿಕೆಟ್ ಕಣ್ಣಿನಿಂದ ನೋಡುವವರು ಎಡವುವುದು ಇಲ್ಲೇ.

ಪುಸ್ತಕದಲ್ಲಿ ಹೀಗಿದ್ದರೂ ಮೈದಾನದ ರೂಢಿಯೇ ಬೇರೆ ಇತ್ತು. ಕೊನೆಯ ಇನಿಂಗ್‌ನಲ್ಲಿ ಗೆಲುವಿನ ಹೊಡೆತ ಬಿದ್ದ ಕೂಡಲೇ ಜನ ಮೈದಾನಕ್ಕೆ ನುಗ್ಗುತ್ತಿದ್ದರು. ಫಸ್ಟ್ ಬೇಸ್‌ನಲ್ಲಿದ್ದವನು ಸೆಕೆಂಡ್ ಬೇಸ್ ಕಡೆ ನಾಲ್ಕು ಹೆಜ್ಜೆ ಹಾಕಿ, ತಿರುಗಿ ಡ್ರೆಸಿಂಗ್ ರೂಮಿನತ್ತ ಓಡುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ.

ಕೇಳಿದ್ದು ಎವರ್ಸ್. ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗ್‌ನಲ್ಲಿ ಹತ್ತನೆಯ ಇನಿಂಗ್‌ನಲ್ಲಿ ಕಬ್ಸ್ 1-0 ಸೋತಾಗ ಪೈರೇಟ್ಸ್‌ನ ವಾರೆನ್ ಗಿಲ್ ಹಾಗೆಯೇ ಅರ್ಧದಾರಿಯಿಂದ ತಿರುಗಿದ್ದ. ಎವರ್ಸ್ ಚೆಂಡು ತರಿಸಿ ಸೆಕೆಂಡ್ ಬೇಸ್ ಮುಟ್ಟಿ ಔಟ್ ಕೇಳಿದ. ಅಂಪೈರ್ ಹ್ಯಾಂಕ್ ಓಡೇ ಕೊಡಲಿಲ್ಲ, ಲೀಗ್ ಅಧ್ಯಕ್ಷ ಹ್ಯಾರಿ ಪುಲಿಯಮ್ ಕೂಡ ಕಬ್ಸ್‌ನ ದೂರನ್ನು ತಳ್ಳಿಹಾಕಿದರು. ನನ್ನ ದೃಷ್ಟಿಯಲ್ಲಿ ಇಡೀ ಸೀಸನ್ನಿನ ಅತಿ ಮುಖ್ಯ ಪಂದ್ಯ ಈ ಸೋತ ಪಂದ್ಯವೇ. ಏಕೆಂದರೆ ಇನ್ನು ಮುಂದೆ ಎಲ್ಲಿ ಕಣ್ಣಿಡಬೇಕು ಎಂಬುದು ಓಡೇಗೂ ಗೊತ್ತಾಯಿತು.

ಹತ್ತೊಂಬತ್ತು ದಿನದ ನಂತರ, ಸೆಪ್ಟೆಂಬರ್ 23, ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್. ಅಂಪೈರುಗಳಲ್ಲಿ ಒಬ್ಬರು ಅದೇ ಓಡೇ. ಜೈಂಟ್ಸ್‌ನ ಕಾಯಂ ಫಸ್ಟ್ ಬೇಸ್‌ಮನ್ ಫ್ರೆಡ್ ಟೆನಿಗೆ ಸೊಂಟನೋವು. ಅವನ ಜಾಗದಲ್ಲಿ 19 ವರ್ಷದ ಫ್ರೆಡ್ ಮರ್ಕಲ್. ಕೊನೆಯದಾದ ಒಂಬತ್ತನೆಯ ಇನಿಂಗ್‌ನ ಎರಡನೆಯ ಅರ್ಧ, ಬ್ಯಾಟಿಂಗ್ ಜೈಂಟ್ಸ್‌ನದು, ಸ್ಕೋರ್ 1-1, ಇಬ್ಬರು ಔಟ್. ಥರ್ಡ್ ಬೇಸ್‌ನಲ್ಲಿ ಮೂಸ್ ಮೆಕಾರ್ಮಿಕ್, ಫಸ್ಟ್ ಬೇಸ್‌ನಲ್ಲಿ ಮರ್ಕಲ್. ಆಲ್ ಬ್ರಿಡ್ವೆಲ್ ಚೆಂಡನ್ನು ನೇರ ಸೆಂಟರ್‌ಫೀಲ್ಡ್‌ಗೆ ಅಟ್ಟಿದ. ಮೆಕಾರ್ಮಿಕ್ ಹೋಮ್ ಮುಟ್ಟಿದ, ಜನ ಒಳನುಗ್ಗಿದರು, ಮರ್ಕಲ್ ಅರ್ಧದಾರಿಯಲ್ಲಿ ತಿರುಗಿದ. ಸಾಲಿ ಹಾಫ್ಮನ್ ಸೆಂಟರ್‌ಫೀಲ್ಡ್‌ನಿಂದ ಎಸೆದ ಚೆಂಡು ಎವರ್ಸ್ ಕೈಗೆ ಸಿಗದೆ ಆಚೆ ಹೋಯಿತು. ನಡುವೆ ಜೈಂಟ್ಸ್‌ನ ಜೋ ಮೆಕ್‌ಗಿನಿಟಿ ಅದಕ್ಕಾಗಿ ಕಿತ್ತಾಡಿದ. ಕೊನೆಗೆ ಯಾವುದೋ ಒಂದು ಚೆಂಡು ಹಿಡಿದು ಎವರ್ಸ್ ಸೆಕೆಂಡ್ ಬೇಸ್ ಮೇಲೆ ನಿಂತಿದ್ದ. ಅದು ಅದೇ ಚೆಂಡೋ ಅಲ್ಲವೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಹೊಡೆತದಿಂದ ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲಿದ್ದ ಇನ್ನೊಬ್ಬ ಅಂಪೈರ್ ಬಾಬ್ ಎಮ್ಸ್ಲಿ ಮರ್ಕಲ್‌ನನ್ನು ನೋಡಿರಲಿಲ್ಲ. ಓಡೇ ನೋಡಿದ್ದರು. ಅವರ ತೀರ್ಪು: ಮರ್ಕಲ್ ಔಟ್, ರನ್ ಇಲ್ಲ. ಮೈದಾನ ತುಂಬ ಜನ, ಮೇಲೆ ಕತ್ತಲು. ಆಟ ಮುಂದುವರಿಯಲಿಲ್ಲ, ಪಂದ್ಯ ಟೈ ಎಂದು ಬರೆಯಲಾಯಿತು.

ಹಾಗೆಂದು ಎವರ್ಸ್ ಒಬ್ಬನೇ ಗೆಲ್ಲಿಸಿದ ಎನ್ನಲಾಗದು. ಅದು ರನ್ ಬರಗಾಲದ ಯುಗ. ಚೆಂಡು ಮಾಸಿ ಮೆತ್ತಗಾದರೂ ಅದರಲ್ಲೇ ಆಟ, ಉಗುಳು ಹಚ್ಚಿ ಎಸೆಯುವುದಕ್ಕೂ ಅಡ್ಡಿಯಿಲ್ಲ. ಆ ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದ ಬ್ರೂಕ್ಲಿನ್‌ನ ಟಿಮ್ ಜೋರ್ಡನ್ ಗಳಿಸಿದ್ದೇ 12. ಇಂಥಲ್ಲಿ ಚೆಂಡೆಸೆಯುವ ಪಿಚರ್‌ಗಳೇ ಆಸ್ತಿ. ಸೆಪ್ಟೆಂಬರ್ 26ರಂದು ಕಬ್ಸ್‌ನ ಎಡ್ ರೂಲ್ಬಾಕ್ ಒಂದೇ ದಿನ ಬ್ರೂಕ್ಲಿನ್ ವಿರುದ್ಧ ಎರಡು ಪೂರ್ಣ ಪಂದ್ಯ ಎಸೆದು, 5-0 ಮತ್ತು 3-0, ಎರಡರಲ್ಲೂ ಒಂದು ರನ್ನೂ ಕೊಡಲಿಲ್ಲ. ಮಾರ್ಡಿಕೈ ಬ್ರೌನ್ 29 ಪಂದ್ಯ ಗೆದ್ದ. ಬಾಲ್ಯದಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿ ಬಲಗೈ ತೋರುಬೆರಳು ಹೋಗಿತ್ತು, ಆಮೇಲೆ ಬಿದ್ದು ನಡುಬೆರಳು ಸೊಟ್ಟಗಾಗಿತ್ತು. ಆ ಮೋಟು ಮತ್ತು ಸೊಟ್ಟ ಬೆರಳಿನಿಂದ ಹೊರಟ ಚೆಂಡು ಬೇರೆಯವರಿಗೆ ಸಾಧ್ಯವಾಗದ ರೀತಿಯಲ್ಲಿ ತಿರುಗುತ್ತ ಬ್ಯಾಟರ್ ಎದುರು ಧಡಕ್ಕನೆ ಕೆಳಗಿಳಿಯುತ್ತಿತ್ತು.

ಅಕ್ಟೋಬರ್ 4ರಂದು ಇದೇ ಬ್ರೌನ್ ಪೈರೇಟ್ಸ್ ತಂಡವನ್ನು 5-2ರಿಂದ ಸೋಲಿಸಿ ಅದರ ಕಥೆ ಮುಗಿಸಿದ. ಜೈಂಟ್ಸ್ ಬಾಸ್ಟನ್ ವಿರುದ್ಧದ ಕೊನೆಯ ಮೂರೂ ಪಂದ್ಯ ಗೆದ್ದಾಗ ಕಬ್ಸ್, ಜೈಂಟ್ಸ್ ಎರಡೂ 98-55. ಟೈ ಆದ ಪಂದ್ಯ ಮತ್ತೆ ಆಡಲೇಬೇಕಾಯಿತು: ಅಕ್ಟೋಬರ್ 8, ಪೋಲೋ ಗ್ರೌಂಡ್ಸ್. ಜೈಂಟ್ಸ್ ಪರ ಕ್ರಿಸ್ಟಿ ಮ್ಯಾಥ್ಯೂಸನ್, ಆ ವರ್ಷ 37 ಪಂದ್ಯ ಗೆದ್ದವನು. ಕಬ್ಸ್‌ನ ಜ್ಯಾಕ್ ಫೀಸ್ಟರ್ ಮೊದಲ ಇನಿಂಗ್‌ನಲ್ಲೇ ತಡವರಿಸಿದಾಗ ನಾಯಕ ಹಾಗೂ ಮ್ಯಾನೇಜರ್ ಫ್ರಾಂಕ್ ಚಾನ್ಸ್ ಕಾಯುತ್ತ ಕೂರಲಿಲ್ಲ, ಕೂಡಲೇ ಬ್ರೌನ್‌ನನ್ನು ಕರೆದ. ಮೂರನೆಯ ಇನಿಂಗ್‌ನಲ್ಲಿ ಜೋ ಟಿಂಕರ್ ಸೆಂಟರ್‌ಫೀಲ್ಡರ್ ತಲೆಯ ಮೇಲಿಂದ ಬಾರಿಸಿ ಥರ್ಡ್ ಬೇಸ್ ತಲುಪಿದ. ಆ ಇನಿಂಗ್‌ನಲ್ಲೇ ನಾಲ್ಕು ರನ್. ಕೊನೆಗೆ 4-2.

ಎರಡು ಲೀಗ್‌ಗಳ ವಿಜೇತರು ಆಡುವ ವರ್ಲ್ಡ್ ಸೀರೀಸ್ ಇದರ ಮುಂದೆ ಸಪ್ಪೆ. ಟೈ ಕಾಬ್ ಎಂಬ ಆಟಗಾರನಿದ್ದ ಡೆಟ್ರಾಯಿಟ್ ವಿರುದ್ಧ ಕಬ್ಸ್ 4-1ರಿಂದ ಗೆದ್ದಿತು. ಕೊನೆಯ ಪಂದ್ಯ ನೋಡಲು ಬಂದವರು 6,210 ಜನ. ಕಬ್ಸ್ ಮತ್ತೆ ವರ್ಲ್ಡ್ ಸೀರೀಸ್ ಗೆದ್ದದ್ದು 2016ರಲ್ಲಿ.

ಸೋಲಿನ ಗೂಬೆಯನ್ನು ಎಲ್ಲರೂ ಮರ್ಕಲ್ ತಲೆಯ ಮೇಲೇ ಕೂರಿಸಿದರು. ಇದು ಅನ್ಯಾಯ. ಅವನಿಗಿಂತ ಎಷ್ಟೋ ಹಳಬರು ದಿನಬೆಳಗಾದರೆ ಮಾಡುತ್ತಿದ್ದುದನ್ನೇ ಅವನೂ ಮಾಡಿದ್ದು. ಅದೂ ಅಲ್ಲದೆ, ಆ ಟೈ ಆದ ಮೇಲೆ ಜೈಂಟ್ಸ್ ಕೈಯಲ್ಲಿ ಇನ್ನೂ ಪಂದ್ಯಗಳಿದ್ದವು. ಸೆಪ್ಟೆಂಬರ್ 29, ಅಕ್ಟೋಬರ್ 1, ಅಕ್ಟೋಬರ್ 3: ಐದು ದಿನದಲ್ಲಿ ಮೂರು ಸಲ ಫಿಲಡೆಲ್ಫಿಯಾದ ಎಳೆಯ ಪಿಚರ್ ಹ್ಯಾರಿ ಕೊವೆಲೆಸ್ಕಿ ಒಬ್ಬನೇ ಅವರನ್ನು ಸೋಲಿಸಿದ. ಆ ಮೂರರಲ್ಲಿ ಒಂದನ್ನು ಗೆದ್ದಿದ್ದರೂ ಜೈಂಟ್ಸ್ ಅಕ್ಟೋಬರ್ 7ಕ್ಕೆ 99-54 ಆಗಿ ಕಬ್ಸ್‌ಗಿಂತ ಒಂದು ಪಂದ್ಯ ಮುಂದಿರುತ್ತಿತ್ತು, 8ನೇ ತಾರೀಕಿನ ಪಂದ್ಯ ಸೋತರೂ ಸಮಬಲದಲ್ಲೇ ಉಳಿಯುತ್ತಿತ್ತು.