ಕೀ ತಿರುಗಿತು, ಕಾರು ಒಪ್ಪಲಿಲ್ಲ

ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಕಾರನ್ನು ನಾನೇ ಓಡಿಸುತ್ತಿದ್ದೇನೆ. 2009ರ ಪೆಟ್ರೋಲ್ ಗಾಡಿ. ತೀರ್ಥಹಳ್ಳಿಯ ಮಳೆ, ಆಗುಂಬೆ ಘಾಟಿಯ ತಿರುವು ಎಲ್ಲವನ್ನೂ ಕಂಡಿದೆ. ಎಂಜಿನ್ನಿನ ಬಗ್ಗೆ ಇವತ್ತಿಗೂ ತಕರಾರಿಲ್ಲ. ಸೋತದ್ದು ಇಗ್ನಿಷನ್ ಲಾಕ್. ಅಪ್ಪಯ್ಯ ಕಾರಿನ ಕೀ ಜೊತೆಗೆ ಅಡಿಕೆ ಗೋದಾಮಿನದು, ಪಂಪ್‌ಹೌಸಿನದು, ಮುಂಬಾಗಿಲಿನದು ಎಲ್ಲವನ್ನೂ ಒಂದೇ ಬಳೆಗೆ ಪೋಣಿಸಿಕೊಂಡಿದ್ದರು. ಆ ಭಾರ ವರ್ಷಗಟ್ಟಲೆ ಬೀಗಕ್ಕೆ ಜೋತುಬಿದ್ದು, ಒಳಗಿನ ಹಿತ್ತಾಳೆಯ ಸಣ್ಣ ತಗಡುಗಳು ಸವೆದುಹೋಗಿದ್ದವು. ಈ ಮಳೆಗಾಲ ಶುರುವಾಗುವ ಹೊತ್ತಿಗೆ ಸ್ಟೀರಿಂಗನ್ನು ಎಡಬಲ ಅಲ್ಲಾಡಿಸಿ, ಕೀಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದರೆ ಮಾತ್ರ ತಿರುಗುತ್ತಿತ್ತು.

ನಮ್ಮ ಮೆಕ್ಯಾನಿಕ್ ಶಿವಮೊಗ್ಗದಿಂದ ಹೊಸ ಲಾಕ್ ತರಿಸಿದರು, ಜೊತೆಗೆ ಎರಡು ಹೊಸ ಕೀ. ಹಳೆಯದನ್ನು ಬಿಚ್ಚುವುದಕ್ಕೇ ಅರ್ಧ ದಿನ ಹಿಡಿಯಿತು. ಕಳ್ಳರ ಕೈಗೆ ಸುಲಭವಾಗಿ ಸಿಗಬಾರದೆಂದು ಆ ಬೋಲ್ಟ್‌ಗಳನ್ನು ಬಿಗಿಯುವಾಗಲೇ ತಲೆ ಮುರಿದುಬೀಳುವಂತೆ ಮಾಡಿರುತ್ತಾರೆ. ಸ್ಪ್ಯಾನರಿಗೆ ಹಿಡಿತವೇ ಸಿಗುವುದಿಲ್ಲ. ಅಂಚಿಗೆ ಉಳಿ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಒಂದೊಂದನ್ನೇ ಸಡಿಲಿಸಿದರು. ಹಳೆಯ ಬೀಗದ ಬಾಯಿಗೆ ಸುತ್ತಿಕೊಂಡಿದ್ದ ಕಪ್ಪು ಪ್ಲಾಸ್ಟಿಕ್ ಬಳೆಯನ್ನು ಜೋಪಾನವಾಗಿ ತೆಗೆದು ಹೊಸದಕ್ಕೆ ತೊಡಿಸಿದರು. ಅದು ಯಾತಕ್ಕೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಹೊಸ ಕೀ ಬೆಣ್ಣೆಯಲ್ಲಿ ಚಾಕು ಇಳಿದಂತೆ ತಿರುಗಿತು. ದೀಪಗಳು ಹತ್ತಿದವು, ಸೆಲ್ಫ್ ಜೋರಾಗಿಯೇ ಹೊಡೆಯಿತು, ಎಂಜಿನ್ ಮಾತ್ರ ಹಿಡಿಯಲಿಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಇಲ್ಲ. ಬಿಚ್ಚುವಾಗ ಯಾವುದೋ ತಂತಿ ತುಂಡಾಗಿರಬೇಕು ಎಂದರು. ಫ್ಯೂಸ್, ರಿಲೇ, ಕಾಯಿಲ್, ಪೆಟ್ರೋಲ್ ಪಂಪ್ ಎಲ್ಲವನ್ನೂ ತಡಕಾಡುವುದರಲ್ಲಿ ಎರಡು ದಿನ ಕಳೆಯಿತು. ಅಷ್ಟರಲ್ಲಿ ಮಣಿಪಾಲದಲ್ಲಿ ಅಮ್ಮನ ಕಣ್ಣು ತೋರಿಸುವ ದಿನ ಬಂತು. ಆ ಮಳೆಯಲ್ಲಿ ಎಪ್ಪತ್ತೆರಡರ ಅಮ್ಮನನ್ನು ಬಸ್ಸಿನಲ್ಲಿ ಘಾಟಿ ಇಳಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು.

ಮೂರನೆಯ ದಿನ ಶಿವಮೊಗ್ಗದಲ್ಲಿ ಕಾರಿನ ಕೀ ಮಾಡಿಕೊಡುವವರೊಬ್ಬರ ನಂಬರ್ ಸಿಕ್ಕಿತು. ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ ಅವರು ಕೇಳಿದರು: "ಮೀಟರ್ ಬೋರ್ಡಿನಲ್ಲಿ ಸಣ್ಣದೊಂದು ದೀಪ ಮಿಣುಕುತ್ತಿದೆಯೇ, ಮೇಡಂ? ಹಳೆಯ ಕೀ ಇದೆಯೇ?"

ದೀಪ ಮಿಣುಕುತ್ತಿತ್ತು. ಹಳೆಯ ಕೀಗಳಲ್ಲಿ ಒಂದು ಹಳೆಯ ಬೀಗದ ಜೊತೆ ಗುಜರಿಗೆ ಹೋಗಿಯಾಗಿತ್ತು. ಇನ್ನೊಂದು ಅಮ್ಮನ ಹತ್ತಿರ, ಅಪ್ಪಯ್ಯನ ಗೊಂಚಲಿನಲ್ಲಿ, ದೇವರ ಕೋಣೆಯ ಗೋಡೆಯ ಮೊಳೆಯಲ್ಲಿತ್ತು. "ಅದು ಇನ್ನು ಕೆಲಸಕ್ಕೆ ಬರುವುದಿಲ್ಲ, ಬಿಸಾಡು" ಎಂದು ನಾನೇ ಒಮ್ಮೆ ಹೇಳಿದ್ದೆ. ಅವರು ಕೊಟ್ಟಿರಲಿಲ್ಲ.

ಫೋನಿನಲ್ಲಿ ಅವರು ಹೇಳಿಕೊಟ್ಟಂತೆ ಮಾಡಿದೆ. ಹೊಸ ಕೀಯನ್ನು ಬೀಗಕ್ಕೆ ಹಾಕಿ, ಹಳೆಯ ಕೀಯ ತಲೆಯನ್ನು ಅದರ ಪಕ್ಕದಲ್ಲೇ, ಆ ಕಪ್ಪು ಬಳೆಗೆ ತಾಗುವಂತೆ ಎಡಗೈಯಲ್ಲಿ ಒತ್ತಿ ಹಿಡಿದೆ. ಆ ಕೀಯ ತಲೆಯ ರಬ್ಬರಿನ ಮೇಲೆ ಅಪ್ಪಯ್ಯನ ಹೆಬ್ಬೆರಳು ಕೂರುತ್ತಿದ್ದ ಜಾಗ ನುಣುಪಾಗಿ ತಗ್ಗಿದೆ. ನನ್ನ ಬೆರಳೂ ಅಲ್ಲೇ ಕೂತಿತು. ಬಲಗೈಯಲ್ಲಿ ತಿರುಗಿಸಿದೆ. ದೀಪ ಆರಿತು. ಒಂದೇ ಏಟಿಗೆ ಎಂಜಿನ್ ಹಿಡಿಯಿತು. ಗ್ಯಾರೇಜಿನಲ್ಲಿದ್ದವರೆಲ್ಲ ಓಡಿ ಬಂದರು.

ವಿಷಯ ಇಷ್ಟು. ಇಂಥ ಕಾರಿನ ಕೀಗೆ ಎರಡು ಕೆಲಸ. ಲೋಹದ ಅಲಗು ಬೀಗವನ್ನು ತಿರುಗಿಸುತ್ತದೆ. ತಲೆಯೊಳಗೆ ತೊಗರಿ ಬೇಳೆಗಿಂತ ತುಸು ದೊಡ್ಡದಾದ ಒಂದು ಚಿಪ್ ಇರುತ್ತದೆ; ಅದಕ್ಕೆ ಬ್ಯಾಟರಿ ಬೇಡ. ಬೀಗದ ಬಾಯಿಯ ಬಳೆ ಎಂದರೆ ತಾಮ್ರದ ತಂತಿಯ ಸುರುಳಿ. ಕೀ ಹಾಕಿ ತಿರುಗಿಸಿದಾಗ ಅದು ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಚಿಪ್ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಆ ಗುರುತು ಕಾರಿನ ಕಂಪ್ಯೂಟರಿನ ನೆನಪಿನಲ್ಲಿ ಇಲ್ಲದಿದ್ದರೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಕೆಲವು ಕಾರುಗಳು ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಆರಿಹೋಗುತ್ತವೆ. ನಮ್ಮ ಹೊಸ ಕೀಗಳಲ್ಲಿ ಚಿಪ್ಪೇ ಇರಲಿಲ್ಲ. ಪ್ಲಾಸ್ಟಿಕ್ ತಲೆಯೊಳಗೆ ಅದರ ಜಾಗ ಖಾಲಿ.

ಮೂರು ದಿನ ನನ್ನನ್ನು ಕಳ್ಳಿಯೆಂದು ತಿಳಿದ ಕಾರಿನ ಮೇಲೆ ನನಗೆ ಸಿಟ್ಟಿಲ್ಲ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಗುರುತು ಸಿಗದಿದ್ದರೆ ಎಂಜಿನ್ ತಡೆಯುವ ಈ ಇಮೊಬಿಲೈಸರ್ ಕಡ್ಡಾಯ, ಆಸ್ಟ್ರೇಲಿಯಾದಲ್ಲಿ 2001ರಿಂದ. ಅಮೆರಿಕದಲ್ಲಿ ಇದಿಲ್ಲದೆ ಮಾರಾಟವಾಗಿದ್ದ ಕಾರುಗಳ ಬೀಗ ಕಿತ್ತು, ಯುಎಸ್‌ಬಿ ಕೇಬಲ್ಲಿನ ತುದಿಯಿಂದಲೇ ತಿರುಗಿಸಿ ಓಡಿಸಿಕೊಂಡು ಹೋಗುವ ಹಾವಳಿ 2022ರಲ್ಲಿ ಊರೂರಿಗೆ ಹಬ್ಬಿತ್ತು. ಬೀಗ ಒಡೆದವನ ಮುಂದೆಯೂ ಸುಮ್ಮನೆ ಕೂರುವ ಕಾರು ನನಗೆ ಬೇಕು. ಬೇಸರವೇನಿದ್ದರೂ ಲಾಕ್ ಮಾರುವಾಗ ಈ ಮಾತನ್ನು ಯಾರೂ ಹೇಳದಿರುವುದರ ಬಗ್ಗೆ. ಡಬ್ಬಿಯ ಮೇಲೆ ಒಂದು ಸಾಲು ಬರೆದಿದ್ದರೆ ಅಮ್ಮ ಬಸ್ಸಿನಲ್ಲಿ ಹೋಗಬೇಕಾಗಿರಲಿಲ್ಲ.

ಶಿವಮೊಗ್ಗದವರು ಮರುದಿನವೇ ಸ್ಕ್ಯಾನರ್ ಹಿಡಿದು ಬಂದರು. ಮೊದಲು ಆರ್‌ಸಿ ಮತ್ತು ನನ್ನ ಗುರುತಿನ ಚೀಟಿ ನೋಡಿದರು. ಅದನ್ನು ಕೇಳದವರ ಹತ್ತಿರ ಯಾರೂ ಕೀ ಮಾಡಿಸಬಾರದು. ಹಳೆಯ ಕೀಯ ತಲೆ ಸೀಳಿ ಚಿಪ್ಪನ್ನು ಹೊಸದಕ್ಕೆ ಕೂರಿಸಬಹುದಿತ್ತು, ಅಗ್ಗವೂ ಆಗುತ್ತಿತ್ತು. ಆದರೆ ಆಗ ಚಾಲೂ ಇರುವ ಕೀ ಒಂದೇ ಆಗುತ್ತದೆ, ಬಿಚ್ಚುವಾಗ ಚಿಪ್ ಒಡೆದರೆ ಅದೂ ಹೋಯಿತು. ಎರಡು ಹೊಸ ಚಿಪ್ ಹಾಕಿ, ಹಳೆಯದನ್ನೂ ಸೇರಿಸಿ ಮೂರನ್ನೂ ಒಟ್ಟಿಗೆ ಕೋಡಿಂಗ್ ಮಾಡಿಸಿದೆ, ಅಂದರೆ ಮೂರರ ಗುರುತನ್ನೂ ಕಾರಿನ ಕಂಪ್ಯೂಟರಿನ ನೆನಪಿಗೆ ಸೇರಿಸಿದೆ. ಕೆಲವು ಗಾಡಿಗಳಲ್ಲಿ ಆ ಹೊತ್ತಿಗೆ ಎದುರಿಗಿಲ್ಲದ ಕೀ ಕಂಪ್ಯೂಟರಿನ ನೆನಪಿನಿಂದ ಅಳಿಸಿಹೋಗುತ್ತದೆಯಂತೆ, ಅದಕ್ಕಾಗಿ ಇದ್ದಬದ್ದ ಕೀಗಳನ್ನೆಲ್ಲ ತರಲು ಹೇಳಿದ್ದರು. ಬೀಗ ಬದಲಿಸುವ ಮೊದಲೇ ತಮ್ಮ ಬಳಿ ತಂದಿದ್ದರೆ, ಹೊಸ ಬೀಗದೊಳಗಿನ ತಗಡುಗಳನ್ನು ಹಳೆಯ ಕೀಗೆ ಹೊಂದುವಂತೆ ಜೋಡಿಸಿಕೊಡುತ್ತಿದ್ದೆ ಎಂದೂ ಅಂದರು.

ಈಗ ನನ್ನ ಕೀ ಒಂಟಿಯಾಗಿದೆ, ಅದಕ್ಕೆ ಬೇರೇನನ್ನೂ ಕಟ್ಟಿಲ್ಲ. ಅಪ್ಪಯ್ಯನದು ಗೊಂಚಲಿನೊಂದಿಗೆ ಮತ್ತೆ ಮೊಳೆಯಲ್ಲಿದೆ. ಅದರ ಅಲಗು ಹೊಸ ಇಗ್ನಿಷನ್ನಿಗೆ ಹೊಂದುವುದಿಲ್ಲ, ಆದರೆ ಬಾಗಿಲು, ಡಿಕ್ಕಿಗಳ ಬೀಗ ಹಳೆಯವೇ. ಸಂತೆಗೆ ಹೊರಟಾಗ ಅಮ್ಮ ಅದರಿಂದಲೇ ಡಿಕ್ಕಿ ತೆರೆದು ಚೀಲ ಇಡುತ್ತಾರೆ.