ಇಬ್ಬರು ಮಂಜುನಾಥ್, ಒಂದು ಬಾರ್‌ಕೋಡ್

ನಾನು ನರ್ಸ್. ಈಗ ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಕೆಲಸ. ಅದಕ್ಕೂ ಮುಂಚೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆರು ವರ್ಷ ಇದ್ದೆ. ಅಲ್ಲಿನ ಒಂದು ರಾತ್ರಿಯ ಕಥೆ ಮೊದಲು ಹೇಳುತ್ತೇನೆ.

ಗಂಡಸರ ಮೆಡಿಕಲ್ ವಾರ್ಡ್, ನೈಟ್ ಡ್ಯೂಟಿ. ಇಬ್ಬರು ಮಂಜುನಾಥ್ ಇದ್ದರು, 11ನೇ ಬೆಡ್‌ನಲ್ಲಿ ಒಬ್ಬರು, 14ರಲ್ಲಿ ಇನ್ನೊಬ್ಬರು. ಸಂಜೆ ಫ್ಯಾನ್ ಗಾಳಿ ಬರುತ್ತಿಲ್ಲ ಅಂತ ಬೆಡ್ ಅದಲುಬದಲಾಗಿತ್ತು, ಕೇಸ್ ಶೀಟ್ ಮಾತ್ರ ಹಳೇ ಜಾಗದಲ್ಲೇ ಉಳಿದಿತ್ತು. ನಾನು ಮಾತ್ರೆ ಟ್ರೇ ಹಿಡಿದು ಹೋಗಿ "ಮಂಜುನಾಥ್ ಅವರಾ?" ಅಂತ ಕೇಳಿದೆ. "ಹ್ಞೂಂ" ಅಂದರು. ಶುಗರ್ ಮಾತ್ರೆ ಕೈಗೆ ಕೊಟ್ಟೆ. ಕೆಳಗೆ ಚಾಪೆ ಹಾಕಿ ಮಲಗಿದ್ದ ಅವರ ಹೆಂಡತಿ ಎದ್ದು ಕೂತು, "ಸಿಸ್ಟರ್, ಇವರಿಗೆ ಶುಗರ್ ಇಲ್ವಲ್ಲ" ಅಂದರು. ಆ ತಾಯಿಗೆ ಎಚ್ಚರ ಆಗದಿದ್ದರೆ? ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ.

ಬೆಳಿಗ್ಗೆ ನಾನೇ ಹೋಗಿ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. ಮೆಮೊ ಬಂತು. ಎಲ್ಲರೆದುರು ಬೈದರು. ಬೆಡ್ ಬದಲಾದದ್ದು ಹೇಗೆ, ಒಂದೇ ಹೆಸರಿನವರು ಇಬ್ಬರಿದ್ದರೆ ಏನು ಮಾಡಬೇಕು, ಇದನ್ನು ಒಬ್ಬರೂ ಕೇಳಲಿಲ್ಲ. ಅಲ್ಲಿಂದ ಮುಂದೆ ನಮ್ಮ ವಾರ್ಡ್‌ನಲ್ಲಿ ಯಾರೂ ಏನೂ ಹೇಳಿಕೊಳ್ಳಲಿಲ್ಲ. ತಪ್ಪು ಬರೆಯುವ ರಿಜಿಸ್ಟರ್ ವರ್ಷವಿಡೀ ಖಾಲಿ ಇತ್ತು.

ಇಲ್ಲಿ ಮೊದಲ ವಾರ ನನಗೆ ಕೆಲಸ ಕಲಿಸಿದ ಹಿರಿಯ ನರ್ಸ್ ಕೈಗೆ ಸ್ಕ್ಯಾನರ್ ಕೊಟ್ಟರು. ರೋಗಿಯ ಕೈಪಟ್ಟಿ ಸ್ಕ್ಯಾನ್ ಮಾಡಬೇಕು, ಆಮೇಲೆ ಪ್ರತಿ ಮಾತ್ರೆಯ ಪೊಟ್ಟಣ. ಬೇರೆಯವರ ಔಷಧ ಆದರೆ ಸ್ಕ್ರೀನ್ ಅಲ್ಲೇ ಎಚ್ಚರಿಸುತ್ತದೆ. ಇದು ಹೊಳೆದದ್ದು ದೊಡ್ಡ ಅಧಿಕಾರಿಗಳಿಗಲ್ಲ. ಕನ್ಸಾಸ್‌ನ ಟೊಪೀಕಾದಲ್ಲಿರುವ ಇಂಥದೇ ಆಸ್ಪತ್ರೆಯ ನರ್ಸ್ ಸೂ ಕಿನ್ನಿಕ್‌ಗೆ. 1992ರಲ್ಲಿ ಅವರು ಬಾಡಿಗೆ ಕಾರು ವಾಪಸ್ ಕೊಡುವಾಗ ಅಲ್ಲಿಯವನು ಕಾರಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದ್ದು ನೋಡಿದರು. ಕಾರಿಗೆ ಆಗುವುದಾದರೆ ಔಷಧಕ್ಕೆ ಯಾಕಾಗಲ್ಲ ಅಂತ ಯೋಚಿಸಿದರು. ಅವರ ಆಸ್ಪತ್ರೆಯಲ್ಲೇ ಮಾಡಿ ನೋಡಿದರು, 2000ದ ಹೊತ್ತಿಗೆ ದೇಶದ ಎಲ್ಲ ಕಡೆಯ ಮಾಜಿ ಸೈನಿಕರ ಆಸ್ಪತ್ರೆಗಳಿಗೂ ಅದು ಬರತೊಡಗಿತು. ಕಥೆ ಕೇಳಿ ನನಗೆ ಕಣ್ಣು ತುಂಬಿತು. ವಾರ್ಡ್ ನರ್ಸ್ ಮಾತನ್ನು ಯಾರೋ ಕೂತು ಕೇಳಿದ್ದಾರೆ, ಅಲ್ವಾ?

ಹಾಗಂತ ಮಾಜಿ ಸೈನಿಕರ ಈ ಆಸ್ಪತ್ರೆಗಳ ವ್ಯವಸ್ಥೆ ಮೊದಲಿನಿಂದ ಹೀಗಿರಲಿಲ್ಲ. 1994ರಲ್ಲಿ ಕೆನೆತ್ ಕೈಸರ್ ಇದರ ಮುಖ್ಯಸ್ಥರಾಗಿ ಬಂದಾಗ ಹೆಸರು ಬಹಳ ಕೆಟ್ಟಿತ್ತು. ಅವರು ಇಡೀ ದೇಶದ ಆಸ್ಪತ್ರೆಗಳನ್ನು 22 ಪ್ರಾದೇಶಿಕ ಜಾಲಗಳಾಗಿ ಮಾಡಿದರು. ಐದು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಡ್ ಕಡಿಮೆ ಮಾಡಿ, ಊರೂರಲ್ಲಿ ನೂರಾರು ಸಣ್ಣ ಕ್ಲಿನಿಕ್ ತೆರೆಸಿದರು. ಕೇಸ್ ಶೀಟ್ ಕಂಪ್ಯೂಟರ್‌ಗೆ ಹೋಯಿತು. 2005ರಲ್ಲಿ ಕತ್ರೀನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಅಲ್ಲಿಂದ ಓಡಿಬಂದ ಮಾಜಿ ಸೈನಿಕರ ದಾಖಲೆಯನ್ನು ಬೇರೆ ಊರಿನ ಡಾಕ್ಟರುಗಳು ತೆರೆದು ನೋಡಿದರು, ಕಾಗದ ಆಗಿದ್ದರೆ ನೀರುಪಾಲು. ಇನ್ನೊಂದು, ಕೈಸರ್ ಪ್ರತಿ ಜಾಲದ ಮುಖ್ಯಸ್ಥರಿಂದ ಗುರಿಗಳಿಗೆ ಸಹಿ ಹಾಕಿಸಿಕೊಂಡರು: ನ್ಯುಮೋನಿಯಾ ಲಸಿಕೆ ಎಷ್ಟು ಜನಕ್ಕೆ ಆಯ್ತು, ಸಕ್ಕರೆ ಕಾಯಿಲೆಯವರ ಕಣ್ಣು ಪರೀಕ್ಷೆ ಆಯ್ತಾ, ಹೀಗೆ.

ನಾನು ಬಹಳ ಯೋಚಿಸಿದ್ದು ಈ ಗುರಿಗಳ ಬಗ್ಗೆ. ಲಸಿಕೆಯ ಸಂಖ್ಯೆ ನಿಜಕ್ಕೂ ಏರಿತು, ಕೆಲವೇ ವರ್ಷದಲ್ಲಿ. ಆದರೆ 2011ರಲ್ಲಿ 14 ದಿನದೊಳಗೆ ಡಾಕ್ಟರ್ ಸಿಗಬೇಕು ಅಂತ ಇದೇ ಥರ ಒಂದು ಗುರಿ ಇಟ್ಟಾಗ ಏನಾಯಿತು? 2014ರಲ್ಲಿ ಫೀನಿಕ್ಸ್ ಊರಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಾಯುವ ದಿನಗಳನ್ನು ಕಡಿಮೆ ತೋರಿಸಿದ ಹಗರಣ ಹೊರಬಂತು. ತನಿಖೆಯವರು 226 ಮಂದಿಯ ಲೆಕ್ಕ ತೆಗೆದರೆ ಅವರು ಸರಾಸರಿ 115 ದಿನ ಕಾದಿದ್ದರು, ಆಸ್ಪತ್ರೆ ತೋರಿಸಿದ್ದು 24. ಮಾಜಿ ಸೈನಿಕರ ಇಲಾಖೆಯ ಮಂತ್ರಿ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಟ್ಟರು. ಎರಡಕ್ಕೂ ಏನು ವ್ಯತ್ಯಾಸ? ನನಗನ್ನಿಸುವುದು ಇಷ್ಟು. ಲಸಿಕೆಯ ಲೆಕ್ಕವನ್ನು ಹೊರಗಿನವರು ಬಂದು ಕೇಸ್ ಶೀಟ್ ಓದಿ ತೆಗೆಯುತ್ತಿದ್ದರು. ಕಾಯುವ ದಿನಗಳನ್ನು ಬರೆಯುತ್ತಿದ್ದುದು ಆಸ್ಪತ್ರೆಯ ಒಳಗಿನವರೇ, ಮೇಲಿನವರ ಬೋನಸ್ಸೂ ಅದಕ್ಕೇ ಅಂಟಿಕೊಂಡಿತ್ತು. ಕೌಂಟರ್‌ನಲ್ಲಿ ಕೂತ ಕ್ಲರ್ಕ್ ನಿಜ ಬರೆದರೆ ಮೇಲಿನವರ ಕೋಪಕ್ಕೆ ಗುರಿ. ನನ್ನ ಮೆಮೊ ನೆನಪಾಯಿತು.

ಈ ಭಯ ಹೋಗಲಾಡಿಸುವ ಕೆಲಸವೂ ಇದೇ ವ್ಯವಸ್ಥೆಯೊಳಗೆ ಎಂದೋ ಶುರುವಾಗಿತ್ತು. ರೋಗಿಗಳ ಸುರಕ್ಷತೆಗೆ ಅಂತಲೇ 1999ರಲ್ಲಿ ಒಂದು ರಾಷ್ಟ್ರೀಯ ಕೇಂದ್ರ ತೆರೆದು, ಜೇಮ್ಸ್ ಬೇಜಿಯನ್ ಅವರನ್ನು ಕೂರಿಸಿದರು. ಅವರು ಡಾಕ್ಟರ್, ಎರಡು ಸಲ ಬಾಹ್ಯಾಕಾಶಕ್ಕೆ ಹೋಗಿಬಂದವರು. ವಿಮಾನದವರು ಮಾಡುವ ಹಾಗೆ, ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆಯಿರಿ ಅಂದರು. ಯಾರು ಮಾಡಿದರು ಅಂತಲ್ಲ, ಏನಾಯಿತು, ಯಾಕಾಯಿತು ಅಂತ ಕೇಳುವುದು. ನನಗೂ ಒಂದು ಸಲ ಸ್ಕ್ಯಾನರ್ ಎಚ್ಚರಿಕೆ ಕೊಟ್ಟಿತು, ಒಂದೇ ಬಣ್ಣದ ಎರಡು ಪೊಟ್ಟಣ, ಕೈ ತಪ್ಪು ಡ್ರಾಯರ್‌ಗೆ ಹೋಗಿತ್ತು. ನಡುಗುತ್ತಲೇ ಬರೆದು ಕೊಟ್ಟೆ. ಮೂರನೇ ದಿನ ಫಾರ್ಮಸಿಸ್ಟ್ ಬಂದು, "ಯಾವ ಡ್ರಾಯರ್, ತೋರಿಸಿ" ಅಂದರು. ಅಷ್ಟೇ. ಡ್ರಾಯರ್ ಜಾಗ ಬದಲಾಯಿತು.

ಹೋದ ವರ್ಷ ಬೆಂಗಳೂರಿನ ನನ್ನ ಹಳೇ ಗೆಳತಿ ಫೋನ್ ಮಾಡಿದ್ದಳು. ಈಗ ಬೇರೊಂದು ಕಡೆ ಅವಳೇ ಇನ್‌ಚಾರ್ಜ್. ಸ್ಕ್ಯಾನರ್‌ಗೆ ಎಷ್ಟಾಗುತ್ತೆ ಅಂತ ಕೇಳಿದಳು. "ಅದು ಆಮೇಲೆ ನೋಡೋಣ, ಮೊದಲು ಮೆಮೊ ಕೊಡೋದು ನಿಲ್ಲಿಸು, ಹೆಸರು ಹಾಕದೆ ಬರೆಯೋಕೆ ಒಂದು ಪುಸ್ತಕ ಇಡು" ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಸುಮ್ನೆ ಯಾರು ಬರೀತಾರೆ ಅಂದಳು.

ಒಂದೂವರೆ ತಿಂಗಳಿಗೆ ಮತ್ತೆ ಫೋನ್ ಬಂತು. 19 ಬರಹ ಬಂದಿವೆಯಂತೆ. ಅದರಲ್ಲಿ 5 ಬೆಡ್ ಬದಲಾದಾಗ ಕೇಸ್ ಶೀಟ್ ಜೊತೆಗೆ ಹೋಗದೆ ಆದದ್ದು.