ಇಂಗ್ಲಿಷ್ ವಾಕ್ಯ ಕಟ್ಟುವ ಕಾರ್ಡುಗಳು: ಕಾಲದ ಕ್ಲಿಪ್ಪು ಸೇರಿದ ಮೇಲೆ

ಕನ್ನಡ ಮಾತಾಡುವವರಿಗೆ ಇಂಗ್ಲಿಷ್ ವಾಕ್ಯ ಕಟ್ಟುವುದನ್ನು ಕಲಿಸಲು ಕಾರ್ಡು ಮಾಡುತ್ತಾ ಬರೆದ ಟಿಪ್ಪಣಿ ಇದು. ಮೊದಲ ವಾರ. 60 ಪದದ ಕಾರ್ಡು, 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ. ತೆಳು ಹಾಳೆ ಬೇಗ ಮಡಚಿಹೋಗುತ್ತದೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿದರೆ ದಪ್ಪ ಸರಿಯಾಗಿ ಸಿಗುತ್ತದೆ. ಕರ್ತೃವಿಗೆ ಹಳದಿ, ಕ್ರಿಯಾಪದಕ್ಕೆ ಕೆಂಪು, ಕರ್ಮಕ್ಕೆ ನೀಲಿ ಎಂದು ಕಾರ್ಡಿಗೇ ಬಣ್ಣ ಹಚ್ಚಿದ್ದು ತಪ್ಪಾಯಿತು.

ಕಾರಣ ಇಷ್ಟು. ‘ನಾಯಿ ಬೆಕ್ಕನ್ನು ಅಟ್ಟಿತು’ ಅನ್ನಿ, ‘ಬೆಕ್ಕನ್ನು ನಾಯಿ ಅಟ್ಟಿತು’ ಅನ್ನಿ, ಓಡುವುದು ಬೆಕ್ಕೇ. ‘ಅನ್ನು’ ಅಂಟಿಕೊಂಡಿರುವ ತನಕ ಪದ ಎಲ್ಲಿ ಕೂತರೂ ಅದರ ಕೆಲಸ ಬದಲಾಗದು. ‘ದ ಡಾಗ್ ಚೇಸ್ಡ್ ದ ಕ್ಯಾಟ್’ನಲ್ಲಿ ನಾಯಿ, ಬೆಕ್ಕಿನ ಜಾಗ ಅದಲುಬದಲು ಮಾಡಿದರೆ ಓಡುವವರೇ ಬೇರೆ. ಇಂಗ್ಲಿಷ್ ನಾಮಪದಕ್ಕೆ ಸ್ವಂತ ಬಣ್ಣವಿಲ್ಲ, ಕೂತ ಜಾಗದ ಬಣ್ಣವೇ ಅದರದ್ದು. ಹಾಗಾಗಿ ಬಣ್ಣವನ್ನೆಲ್ಲ ಕಾರ್ಡಿನಿಂದ ತೆಗೆದು, ಕೆಳಗೆ ಹಾಸುವ ರಟ್ಟಿನ ಪಟ್ಟಿಯ ಮನೆಗಳಿಗೆ ಹಚ್ಚಿದೆವು: ಹಳದಿ, ಕೆಂಪು, ನೀಲಿ, ಕೊನೆಗೆ ಎಲ್ಲಿ-ಯಾವಾಗ ಎಂಬುದಕ್ಕೆ ಹಸಿರು. ರೂಪದಲ್ಲೇ ಕರ್ತೃವೋ ಕರ್ಮವೋ ಎಂದು ಗೊತ್ತಾಗುವ ಐ-ಮೀ, ಹೀ-ಹಿಮ್ ತರಹದ ಸರ್ವನಾಮಗಳ ಅಂಚಿಗೆ ಮಾತ್ರ ಬಣ್ಣ ಉಳಿಯಿತು.

ಎರಡನೇ ವಾರ. ಹಳದಿ ಮನೆ ಖಾಲಿ ಬಿಡುವ ತಪ್ಪು. ‘ನಾಳೆ ಬರ್ತೀನಿ’ ಅಂದಾಗ ಯಾರು ಎಂಬುದನ್ನು ಕ್ರಿಯಾಪದದ ಬಾಲವೇ ಹೇಳುತ್ತದೆ. ‘ವಿಲ್ ಕಮ್’ಗೆ ಆ ಬಾಲವಿಲ್ಲ, ‘ಐ’ ಇಡಲೇಬೇಕು. ಹೇಳಲು ಯಾರೂ ಇಲ್ಲದಿದ್ದರೂ ಮನೆ ತುಂಬಬೇಕು: ‘ಇಟ್ ಈಸ್ ರೇನಿಂಗ್’. ಈ ‘ಇಟ್’ಗೆ ಕನ್ನಡದಲ್ಲಿ ಅರ್ಥ ಹುಡುಕಬಾರದು.

ಮೂರನೇ ವಾರ. ‘ಡಿಡ್ ಯು ವೆಂಟ್?’ ಅತ್ಯಂತ ಹಠಮಾರಿ ತಪ್ಪು ಇದೇ. ಇದಕ್ಕಾಗಿ ಪೇಪರ್ ಕ್ಲಿಪ್ ತಂದೆವು: ಕಪ್ಪು ಭೂತಕಾಲಕ್ಕೆ, ಬಿಳಿ ವರ್ತಮಾನಕ್ಕೆ. ನಿಯಮ ಒಂದೇ, ಒಂದು ಸರಳ ವಾಕ್ಯಕ್ಕೆ ಒಂದೇ ಕ್ಲಿಪ್ಪು. ಕ್ರಿಯಾಪದದ ಕಾರ್ಡಿನ ಮುಂದೆ ‘ಗೋ’, ಹಿಂದೆ ‘ವೆಂಟ್’. ಕಪ್ಪು ಕ್ಲಿಪ್ಪು ಬಿದ್ದರೆ ಕಾರ್ಡು ಮಗುಚಬೇಕು.

ಪ್ರಶ್ನೆ ಮಾಡುವುದು ಹೀಗೆ: ಕ್ರಿಯಾಪದದಿಂದ ಕ್ಲಿಪ್ಪು ತೆಗೆಯಿರಿ, ಕಾರ್ಡು ಮತ್ತೆ ‘ಗೋ’ ಆಗುತ್ತದೆ. ತೆಗೆದ ಕ್ಲಿಪ್ಪನ್ನು ‘ಡು’ ಕಾರ್ಡಿಗೆ ಹಾಕಿ, ಅದು ‘ಡಿಡ್’ ಆಗುತ್ತದೆ. ಅದನ್ನು ಹಳದಿ ಮನೆಯ ಎಡಕ್ಕೆ ಇಡಿ. ಬಿಳಿ ಕ್ಲಿಪ್ಪಾದರೆ, ಹೀ-ಶೀ-ಇಟ್ ಜೊತೆ ಅದು ‘ಡಸ್’. ‘ವರ್ಕ್ಸ್’ನ ‘ಸ್’ ಅಲ್ಲಿಗೆ ಹೋಗಿರುವುದರಿಂದ ‘ಡಸ್ ಶೀ ವರ್ಕ್?’ ಸಾಕು. ಈಸ್, ಕ್ಯಾನ್ ಇದ್ದರೆ ‘ಡು’ ಬೇಡ. ಅವೇ ಕ್ಲಿಪ್ಪು ಹೊತ್ತಿರುತ್ತವೆ, ಅವೇ ಮುಂದೆ ಹೋಗುತ್ತವೆ.

ತಪ್ಪು ಎಲ್ಲಿಂದ ಬರುತ್ತದೆ ಎಂದರೆ, ‘ಹೋದೆಯಾ’ದಲ್ಲಿ ‘ಹೋದೆ’ ಹಾಗೇ ಇದ್ದು ಕೊನೆಗೆ ‘ಆ’ ಸೇರುತ್ತದೆ. ಅದೇ ರೂಢಿಯಲ್ಲಿ ‘ವೆಂಟ್’ ಮುಟ್ಟದೆ ಮುಂದೆ ‘ಡಿಡ್’ ಅಂಟಿಸುತ್ತೇವೆ. ಆದರೆ ಕನ್ನಡದ ನಿಷೇಧ, ಅಂದರೆ ‘ಇಲ್ಲ’ ಎನ್ನುವ ರೂಪ, ಬೇರೆ ತರಹ. ‘ಬಂದನು’ ಎಂಬುದು ‘ಬರಲಿಲ್ಲ’ ಆದಾಗ ‘ಬಂದ’ ಮಾಯವಾಗುತ್ತದೆ. ‘ಬಂದಲಿಲ್ಲ’ ಅಂತ ಯಾರೂ ಹೇಳುವುದಿಲ್ಲ. ‘ಡಿಡ್ ನಾಟ್ ಕಮ್’ನಲ್ಲಿ ಆಗುವುದೂ ಇದೇ. ಆದ್ದರಿಂದ ಈಗ ಪಾಠವನ್ನು ಪ್ರಶ್ನೆಯಿಂದಲ್ಲ, ನಿಷೇಧದಿಂದ ಶುರುಮಾಡುವ ಹಾಗೆ ಕ್ರಮ ಬದಲಿಸಿದ್ದೇವೆ. ನಮ್ಮ ಮಾತಿನಲ್ಲೇ ಇರುವ ಹಿಡಿಕೆಯನ್ನು ಬಿಟ್ಟು ನಿಯಮ ಬಾಯಿಪಾಠ ಮಾಡಿಸುವುದು ನಷ್ಟ.

ಇನ್ನೂ ಸರಿಹೋಗದ್ದು. ‘ಯಾರು ಬಂದರು?’ ಎಂಬುದಕ್ಕೆ ‘ಹೂ ಕೇಮ್?’ ಸಾಕು, ಅಲ್ಲಿ ‘ಹೂ’ ತಾನೇ ಹಳದಿ ಮನೆಯಲ್ಲಿದೆ. ಪಟ್ಟಿಯಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ. ತೊಡಕಿರುವುದು ‘ಡು ಯು ನೋ ವೇರ್ ಹೀ ಈಸ್?’ನಲ್ಲಿ. ಒಳಗಿನ ಪ್ರಶ್ನೆಯಲ್ಲಿ ‘ಈಸ್’ ಮುಂದೆ ಬರಬಾರದು, ಜೊತೆಗೆ ಎರಡು ವಾಕ್ಯ ಸೇರಿರುವುದರಿಂದ ಕ್ಲಿಪ್ಪೂ ಎರಡು. ಇದಕ್ಕೆ ನೀಲಿ ಮನೆಯೊಳಗೆ ಕೂರುವ ಚಿಕ್ಕ ಪಟ್ಟಿಯೊಂದನ್ನು ಕತ್ತರಿಸಬೇಕು. ‘ನನಗೆ ಹಸಿವು’, ‘ನನಗೆ ಗೊತ್ತು’ಗಳಲ್ಲಿರುವ ‘ನನಗೆ’ ಇಂಗ್ಲಿಷಿನಲ್ಲಿ ‘ಐ’ ಆಗಿ ಹಳದಿ ಮನೆಗೆ ಬರುವುದಕ್ಕೆ 12 ಜೋಡಿ ವಾಕ್ಯ ಬರೆದಾಗಿದೆ, ಕಾರ್ಡು ಮಾಡಿಲ್ಲ. ‘ಎ’, ‘ದ’ ಕೆಲಸ ಅದರ ನಂತರ.